ಬೆಂಕಿಗೆ ತಾನೂ ಇಳಿದ ದೊರೆ

(ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರೆಹರೂಪ)



ಪುರಾಣದ ಒಬ್ಬ ಧರ್ಮಪ್ರಭುವನ್ನು ಕುರಿತು ಮಾತಾಡಬೇಕೆಂದು ನೀವು ಕೇಳಿದಾಗ ನನ್ನ ಮುಂದೆ ಹಲವು ಹೆಸರು ಬಂದವು. ಹರಿಶ್ಚಂದ್ರ, ಶಿಬಿ, ಬಲಿ, ಭೂಮಿಗೆ ತನ್ನ ಹೆಸರನ್ನೇ ಕೊಟ್ಟ ಪೃಥು. ಇವರೆಲ್ಲರಿಗೂ ಪರೀಕ್ಷೆ ಎದುರಾಯಿತು, ಗೆದ್ದರು, ಕತೆ ಮುಗಿಯಿತು. ರಾಮನ ಕತೆ ಹಾಗಲ್ಲ. ಅವನಿಗೆ ಪ್ರಶ್ನೆ ಕೇಳುವುದನ್ನು ಜನ ಇವತ್ತಿಗೂ ನಿಲ್ಲಿಸಿಲ್ಲ. ಅದರಲ್ಲೂ ನಮ್ಮ ಕನ್ನಡದಲ್ಲಿ, ನಮ್ಮ ಈ ಮೈಸೂರಿನಲ್ಲಿ, ಆ ಪ್ರಶ್ನೆ ಬಹಳ ಗಟ್ಟಿಯಾಗಿ ಕೇಳಿದೆ. ಉತ್ತರವೂ ಇಲ್ಲಿಯೇ ಹುಟ್ಟಿದೆ. ಅದಕ್ಕಾಗಿ ರಾಮನನ್ನೇ ಆರಿಸಿಕೊಂಡೆ.

ನಾನು ಬೆಳೆದದ್ದು ಅಗ್ರಹಾರದ ಒಂದು ವಠಾರದಲ್ಲಿ. ಯುಗಾದಿಯಿಂದ ರಾಮನವಮಿಯವರೆಗೆ ನಡುಮನೆಯಲ್ಲಿ ಪಾರಾಯಣ. ದೊಡ್ಡಮ್ಮ ಬೆಳಗ್ಗೆಯೇ ಕರಬೂಜದ ತಿರುಳನ್ನು ಕೈಯಲ್ಲೇ ಕಿವುಚಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ ಪಾನಕ ಮಾಡುತ್ತಿದ್ದರು. ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಇಡುತ್ತಿದ್ದರು. ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ, ದಾನಕ್ಕೆ ಬೀಸಣಿಗೆ. ಒಂಬತ್ತನೆಯ ದಿನ ಪಟ್ಟಾಭಿಷೇಕದ ಸರ್ಗ ಮುಗಿಯುತ್ತಿದ್ದ ಹಾಗೆ ಮಂಗಳಾರತಿ. ಒಂದು ವರ್ಷ ಪಾರಾಯಣಕ್ಕೆ ಬಂದಿದ್ದ ಹಿರಿಯರು ಹುರುಪಿನಲ್ಲಿ ಉತ್ತರಕಾಂಡದ ಹಾಳೆ ತಿರುಗಿಸಿದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲಿಂದಲೇ ಹೇಳಿದರು: “ಸಾಕು ಶಾಸ್ತ್ರಿಗಳೇ, ಪಟ್ಟಾಭಿಷೇಕ ಆಯ್ತಲ್ಲ, ಪುಸ್ತಕ ಕಟ್ಟಿ. ಆಮೇಲಿಂದು ಈ ಮನೇಲಿ ಬೇಡ.” ಅವರು ಪುಸ್ತಕ ಕಟ್ಟಿದರು. ಆಮೇಲೆ ದೊಡ್ಡಮ್ಮ ಪಾನಕದ ಮೊದಲ ಲೋಟವನ್ನು ರಾಮಪಟ್ಟಾಭಿಷೇಕದ ಪಟದ ಮುಂದೆ, ಸರಿಯಾಗಿ ಸೀತೆ ಕೂತಿದ್ದ ಜಾಗಕ್ಕೆ ನೇರವಾಗಿ ಇಟ್ಟರು.

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪಾರಾಯಣ ಪಟ್ಟಾಭಿಷೇಕಕ್ಕೇ ನಿಲ್ಲುತ್ತದೆ. ಅದನ್ನು ಶಾಸ್ತ್ರ ಎನ್ನುತ್ತೇವೆ. ಅದರೊಳಗೆ ಹೆಂಗಸರ ಒಂದು ತೀರ್ಪೂ ಇದೆ ಎಂದು ನನಗೆ ಆವತ್ತು ಗೊತ್ತಾಗಲಿಲ್ಲ.

ವಾಲ್ಮೀಕಿ ರಾಮಾಯಣ ಸ್ತುತಿಯಿಂದ ಆರಂಭವಾಗುವುದಿಲ್ಲ, ಪ್ರಶ್ನೆಯಿಂದ ಆರಂಭವಾಗುತ್ತದೆ. ಈಗ, ಈ ಲೋಕದಲ್ಲಿ, ಗುಣವಂತನೂ ಧರ್ಮ ಬಲ್ಲವನೂ ಉಪಕಾರ ನೆನೆಯುವವನೂ ಸತ್ಯ ನುಡಿಯುವವನೂ ಆದ ಮನುಷ್ಯ ಯಾರಿದ್ದಾನೆ ಎಂದು ವಾಲ್ಮೀಕಿ ನಾರದರನ್ನು ಕೇಳುತ್ತಾನೆ. ದೇವರು ಯಾರು ಎಂದು ಕೇಳಿದವನಲ್ಲ. ನರ ಯಾರು ಎಂದು ಕೇಳಿದವನು. ವಿಷ್ಣುವಿನ ಅವತಾರ ಎಂಬ ಮಾತು ಕಾವ್ಯದಲ್ಲಿ ಇದ್ದೇ ಇದೆ, ಭಕ್ತರಿಗೆ ಅದೇ ಪ್ರಾಣ. ಆದರೆ ಕವಿ ಅಳತೆಗೆ ಹಿಡಿದಿರುವ ಕೋಲು ಮನುಷ್ಯನದು.

ದೊರೆಯಾಗಿ ರಾಮ ಹೇಗಿದ್ದ ಎಂದು ತಿಳಿಯಲು ಎಲ್ಲರೂ ರಾಮರಾಜ್ಯದ ವರ್ಣನೆಗೆ ಹೋಗುತ್ತಾರೆ. ಕಾಲಕ್ಕೆ ಮಳೆ, ಮರದ ತುಂಬ ಹಣ್ಣು, ಕಳ್ಳರಿಲ್ಲದ ಊರು. ಅದು ಹಾರೈಕೆ. ನನ್ನ ಮಟ್ಟಿಗೆ ರಾಮನ ರಾಜನೀತಿ ಇರುವುದು ಅಯೋಧ್ಯಾಕಾಂಡದ 100ನೆಯ ಸರ್ಗದಲ್ಲಿ. ಚಿತ್ರಕೂಟಕ್ಕೆ ಭರತ ಬಂದಿದ್ದಾನೆ. ರಾಮ ನಾರುಮಡಿ ಉಟ್ಟು ಪರ್ಣಶಾಲೆಯಲ್ಲಿದ್ದಾನೆ, ಕೈಯಲ್ಲಿ ರಾಜ್ಯವಿಲ್ಲ. ಆ ಸ್ಥಿತಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ಒಂದೊಂದಾಗಿ ವಿಚಾರಿಸುತ್ತಾನೆ. ಸೈನಿಕರ ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತೀಯಾ, ತಡವಾದರೆ ಅವರು ಮುನಿದುಕೊಳ್ಳುತ್ತಾರೆ. ಹೊಲ ಉಳುವವರು, ದನ ಸಾಕುವವರು ನೆಮ್ಮದಿಯಾಗಿದ್ದಾರಾ. ಶ್ರೀಮಂತನಿಗೂ ಬಡವನಿಗೂ ವ್ಯಾಜ್ಯ ಬಂದಾಗ ನಿನ್ನ ಮಂತ್ರಿಗಳು ಲಂಚದ ಆಸೆಯಿಲ್ಲದೆ ವಿಚಾರಣೆ ಮಾಡುತ್ತಾರಾ. ಸರ್ಗದುದ್ದಕ್ಕೂ ಬರೀ ಪ್ರಶ್ನೆಗಳು. ಅದರ ನಡುವೆ ಒಂದು ಮಾತು ಬರುತ್ತದೆ. ತಪ್ಪು ಮಾಡದೆ ಆರೋಪ ಹೊತ್ತವರ ಕಣ್ಣಿಂದ ಬೀಳುವ ನೀರು, ತನ್ನ ಸುಖಕ್ಕಾಗಿ ಆಳುವ ದೊರೆಯ ಮಕ್ಕಳನ್ನೂ ದನಕರುಗಳನ್ನೂ ಸುಡುತ್ತದೆ ಎಂದು ರಾಮ ತಮ್ಮನಿಗೆ ಎಚ್ಚರಿಸುತ್ತಾನೆ.

ಈ ಮಾತನ್ನು ಆಡಿದವನು ರಾಮ. ಮುಂದೆ ತಪ್ಪು ಮಾಡದೆ ಆರೋಪ ಹೊತ್ತವಳು ಸೀತೆ.

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಊರಿನ ಮಾತನ್ನು ತಂದು ಹೇಳುವವನು ಭದ್ರ ಎಂಬ ಆಪ್ತ. ನಮ್ಮ ಬಾಯಿಗೆ ಬಿದ್ದ ಅಗಸನ ಕತೆ ಬೇರೆ ಹಾದಿಯಿಂದ ಬಂದದ್ದು. ಯಾರೇ ಹೇಳಿರಲಿ, ದೊರೆ ಆ ಮಾತಿಗೆ ತಲೆಬಾಗಿದ. ತುಂಬಿದ ಬಸುರಿಯನ್ನು ವಿಚಾರಣೆಯಿಲ್ಲದೆ ಕಾಡಿಗೆ ಕಳಿಸಿದ. ಚಿತ್ರಕೂಟದಲ್ಲಿ ತಾನೇ ಕೊಟ್ಟ ಅಳತೆಗೋಲಿನಿಂದ ಅಳೆದರೆ ರಾಮ ಇಲ್ಲಿ ಸೋತ. ಇದನ್ನು ಹೇಳುವಾಗ ನನಗೆ ಸಂತೋಷವಿಲ್ಲ. ರಾಮನನ್ನು ಪ್ರೀತಿಸದವನಿಗೆ ಈ ನೋವು ತಟ್ಟುವುದೂ ಇಲ್ಲ. ದೊಡ್ಡಮ್ಮನಿಗೆ ತಟ್ಟಿತ್ತು, ಅದಕ್ಕೇ ಪುಸ್ತಕ ಕಟ್ಟಿಸಿದರು.

ಕನ್ನಡದ ಕವಿಗಳು ಪುಸ್ತಕ ಕಟ್ಟಿಡಲಿಲ್ಲ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಈ ನೋವಿನೊಡನೆ ಗುದ್ದಾಡಿದರು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾಮ ಕೊಲ್ಲುವುದೇ ಇಲ್ಲ, ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣನೂ ಕೊನೆಗೆ ಪಶ್ಚಾತ್ತಾಪದಲ್ಲಿ ಬೇಯುತ್ತಾನೆ. ತೊರವೆಯ ಕುಮಾರವಾಲ್ಮೀಕಿ ಭಕ್ತಿಯ ಹಾದಿ ಹಿಡಿದ. ದೇವನೂರಿನ ಲಕ್ಷ್ಮೀಶ ಮಾತ್ರ ನೇರವಾಗಿ ಹುಣ್ಣಿನ ಮೇಲೆಯೇ ಬೆರಳಿಟ್ಟ. ಅವನ ಜೈಮಿನಿ ಭಾರತ ಪಾಂಡವರ ಅಶ್ವಮೇಧದ ಕತೆ. ಅದರೊಳಗೆ ಕುಶಲವರ ಪ್ರಸಂಗ ಬರುತ್ತದೆ. ಲಕ್ಷ್ಮಣ ಅತ್ತಿಗೆಯನ್ನು ಕಾಡಿನಲ್ಲಿ ಬಿಟ್ಟು ತಿರುಗುವ ಭಾಗವನ್ನು ಗಮಕಿಗಳು ಹಾಡುವಾಗ ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವುದಿಲ್ಲ. ಜಿಂಕೆ, ನವಿಲು, ಹಕ್ಕಿಗಳೆಲ್ಲ ಅವಳ ದುಃಖಕ್ಕೆ ಮೇವು ಬಿಟ್ಟು ನಿಲ್ಲುತ್ತವೆ. ಕವಿ ರಾಮನನ್ನು ಒಂದು ಮಾತಿನಲ್ಲೂ ಬಯ್ಯುವುದಿಲ್ಲ. ಆದರೆ ಕಾಡಿನ ಮೃಗಗಳಿಗೆ ಬಂದ ಕನಿಕರ ಅಯೋಧ್ಯೆಯ ಅರಮನೆಗೆ ಬರಲಿಲ್ಲ ಎಂದು ತೋರಿಸಿಬಿಡುತ್ತಾನೆ. ಇದಕ್ಕಿಂತ ದೊಡ್ಡ ಆಪಾದನೆ ಯಾವುದು?

ಆಮೇಲೆ ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಕರಾವಳಿಯಲ್ಲಿ ಕೂತು ಬರೆದ. ತನ್ನ ಹೆಸರು ಮರೆಮಾಡಿ, ಹಳೆಯ ಕಾವ್ಯ ಎಂಬಂತೆ ಮೈಸೂರಿಗೆ ಕಳಿಸಿದ. ಅವನ ಕೃತಿಗಳು ಅಚ್ಚಾದದ್ದು ಇಲ್ಲಿನ ವಿದ್ವಾಂಸರ ಗ್ರಂಥಮಾಲೆಗಳಲ್ಲಿ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಅವನ ರಾಮಾಶ್ವಮೇಧದಲ್ಲಿ ರಾಮನ ಕತೆಯನ್ನು ಕೇಳುವವಳು ಮಡದಿ ಮನೋರಮೆ. ಸುಮ್ಮನೆ ಹೂಗುಟ್ಟುವವಳಲ್ಲ, ನಡುನಡುವೆ ತಡೆದು ಕೇಳುವವಳು. ಋಷಿಗಳ ಸಭೆಯಲ್ಲಿ ನಡೆಯುತ್ತಿದ್ದ ಪ್ರಶ್ನೋತ್ತರ ಗಂಡಹೆಂಡಿರ ಮಾತುಕತೆಗೆ ಬಂದು ಕೂತಿತು.

ಹಳ್ಳಿಯ ಹಾಡುಗಾರರು ಇನ್ನೂ ಮುಂದೆ ಹೋದರು. 1973ರಲ್ಲಿ ಮೈಸೂರಿನಲ್ಲಿ ಪ್ರಕಟವಾದ ‘ಜನಪದ ರಾಮಾಯಣ’ ಸಂಗ್ರಹದಲ್ಲಿ ಒಂದು ಪಾಠವಿದೆ. ಅದರಲ್ಲಿ ರಾವುಳ, ಅಂದರೆ ರಾವಣ, ಮಾವಿನ ಹಣ್ಣು ತಿಂದು ತಾನೇ ಬಸುರಾಗುತ್ತಾನೆ. ಸೀನಿದಾಗ ಹುಟ್ಟಿದ ಮಗಳಿಗೆ ಸೀತೆ ಎಂದು ಹೆಸರು. ಈ ಕತೆಯನ್ನು ಜಗತ್ತಿನ ಓದುಗರ ಮುಂದಿಟ್ಟವರು ಮೈಸೂರಿನಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲೇ ಓದಿದ ಎ.ಕೆ. ರಾಮಾನುಜನ್. ಮುನ್ನೂರು ರಾಮಾಯಣಗಳನ್ನು ಕುರಿತ ಅವರ ಪ್ರಬಂಧವನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದುಹಾಕಿತು. ನಾನು ಆ ಪ್ರಬಂಧದ ಪರ. ಜನಪದದಲ್ಲಿ ಕತೆಯ ನಡುಗಂಬ ಸೀತೆ. ಅವಳ ಹುಟ್ಟು, ಅವಳ ಮದುವೆ, ಅವಳ ಕಷ್ಟ. ದೊರೆಯ ಕತೆಯನ್ನು ಅವನಿಂದ ನೊಂದವರ ಕಡೆಯಿಂದ ಹೇಳುವುದು ನಿಂದನೆಯಾದರೆ, ನಮ್ಮ ಒನಕೆ ಹಾಡುಗಳನ್ನೆಲ್ಲ ಮೊದಲು ತೆಗೆಯಬೇಕಾಗುತ್ತದೆ.

ಈಗ ಇದೇ ಊರಿನ ಇನ್ನೊಂದು ಗ್ರಂಥದ ಕಡೆ ಹೊರಳುತ್ತೇನೆ. ಮಹಾರಾಜ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಓರಿಯೆಂಟಲ್ ಗ್ರಂಥಾಲಯ ಇದೆ, 1891ರದು. 1905ರಲ್ಲಿ ಅಲ್ಲಿನ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ನಮ್ಮಲ್ಲಿ ರಾಜ್ಯಶಾಸ್ತ್ರದ ವಿಚಾರವೇ ಇರಲಿಲ್ಲ ಎನ್ನುತ್ತಿದ್ದವರು ಬಾಯಿ ಮುಚ್ಚಬೇಕಾಯಿತು.

ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲೇ ಇಂದ್ರಿಯಗಳನ್ನು ಗೆಲ್ಲದೆ ಹಾಳಾದ ದೊರೆಗಳ ಪಟ್ಟಿ ಇದೆ. ದಾಂಡಕ್ಯ, ಕರಾಳ, ಜನಮೇಜಯ, ದುರ್ಯೋಧನ, ಹೀಗೆ. ಪರರ ಹೆಂಡತಿಯನ್ನು ಹಿಂದಿರುಗಿಸದೆ ಸೊಕ್ಕಿನಿಂದ ಕೆಟ್ಟ ರಾವಣನೂ ಅಲ್ಲಿದ್ದಾನೆ. ಅದರ ಕೆಳಗೆ ಇಂದ್ರಿಯ ಗೆದ್ದು ಬಹುಕಾಲ ಬಾಳಿದವರ ಹೆಸರು ಎರಡೇ: ಜಾಮದಗ್ನ್ಯ ಮತ್ತು ಅಂಬರೀಷ. ರಾಮನ ಹೆಸರಿಲ್ಲ. ಸೋತ ರಾವಣನಿಂದ ಪಾಠ ಕಲಿಯಿರಿ ಎಂದ ಕೌಟಿಲ್ಯ, ಗೆದ್ದ ರಾಮನನ್ನು ಮಾದರಿಯಾಗಿ ನಿಲ್ಲಿಸಲಿಲ್ಲ. ನಾನು ಇದನ್ನು ಮೊದಲ ಸಲ ಓದಿದಾಗ ಪುಟವನ್ನು ಎರಡು ಮೂರು ಸಲ ತಿರುವಿ ನೋಡಿದೆ. ಕೌಟಿಲ್ಯನಿಗೆ ಬೇಕಾದ ದೊರೆ ಹೊತ್ತುಹೊತ್ತಿನ ದಿನಚರಿಯುಳ್ಳ, ಲೆಕ್ಕ ನೋಡುವ, ದೂರು ಹೇಳಲು ಬಂದವರನ್ನು ಬಾಗಿಲಲ್ಲಿ ಕಾಯಿಸದ ಆಡಳಿತಗಾರ. ಆ ದೊರೆಯ ನಡತೆಗೆ ಅವನು ಬಳಸಿದ ಮಾತು ‘ರಾಜರ್ಷಿ’.

ಆ ಪದ ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧೀಜಿ ರಾಜರ್ಷಿ ಎಂದು ಕರೆದರೆಂಬುದು ನಮ್ಮಲ್ಲಿ ಮನೆಮಾತು. 1902ರಿಂದ 1940ರವರೆಗೆ ಆಳಿದ ಅವರ ಕಾಲವನ್ನು ರಾಮರಾಜ್ಯಕ್ಕೆ ಹೋಲಿಸುವುದು ರೂಢಿ. ಕನ್ನಂಬಾಡಿ ಕಟ್ಟೆ, 1916ರ ವಿಶ್ವವಿದ್ಯಾಲಯ, ಬೆಳಕು, ಕಾರ್ಖಾನೆ, ಇವನ್ನೆಲ್ಲ ನೀವು ಬಲ್ಲಿರಿ, ಹೇಳುತ್ತಾ ಕೂರುವುದಿಲ್ಲ. ನಾನು ಎರಡೇ ಸಂಗತಿ ಎತ್ತಿ ಹೇಳುತ್ತೇನೆ. ಮೊದಲನೆಯದು, ಅವರಿಗೂ ಮುಂಚೆ, 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ದಸರೆಯ ಹೊತ್ತಿಗೆ ಸೇರುತ್ತಿದ್ದ ಆ ಸಭೆಗೆ ಮೊದಮೊದಲು ಕಾನೂನು ಮಾಡುವ ಅಧಿಕಾರ ಇರಲಿಲ್ಲ; ಕೇಳುವ ಅಧಿಕಾರ ಇತ್ತು. ತಾಲ್ಲೂಕುಗಳಿಂದ ಬಂದವರು ಕಂದಾಯ, ಕೆರೆ, ರಸ್ತೆ ಎಂದು ಎದ್ದುನಿಂತು ದಿವಾನರನ್ನು ಕೇಳಬಹುದಿತ್ತು. ಎರಡನೆಯದು, 1918ರಲ್ಲಿ ನಾಲ್ವಡಿಯವರು ನೇಮಿಸಿದ ಮಿಲ್ಲರ್ ಸಮಿತಿ. ಸರ್ಕಾರದ ನೌಕರಿಗಳಲ್ಲಿ ಒಂದೇ ಸಮುದಾಯ ತುಂಬಿದೆ, ಉಳಿದವರಿಗೆ ಜಾಗವೆಲ್ಲಿ ಎಂದು ಪ್ರಜೆಗಳು ಕೇಳಿದರು. ಪ್ರಶ್ನೆ ಅರಮನೆಗೆ ಹಿತವಾದದ್ದೇನೂ ಆಗಿರಲಿಲ್ಲ. ದೊರೆ ಅದನ್ನು ಕಿವಿಗೆ ಹಾಕಿಕೊಂಡರು, ಸಮಿತಿ ಮಾಡಿದರು, ಆಜ್ಞೆ ಹೊರಟಿತು. ರಾಮರಾಜ್ಯದ ಹೋಲಿಕೆ ಸಲ್ಲುವುದಾದರೆ ಅದು ಇಂಥ ಕಡೆ ಸಲ್ಲುತ್ತದೆ. ಚಿತ್ರಕೂಟದ ಪ್ರಶ್ನೆಗಳನ್ನು ಇಲ್ಲಿ ಪ್ರಜೆಯೇ ದೊರೆಗೆ ಕೇಳಿದ.

ಅದೇ ದಶಕಗಳಲ್ಲಿ ಮಲೆನಾಡಿನ ಕುಪ್ಪಳಿಯಿಂದ ಒಬ್ಬ ಹುಡುಗ ಓದಲು ಮೈಸೂರಿಗೆ ಬಂದ. ಮಹಾರಾಜ ಕಾಲೇಜಿನಲ್ಲಿ ಕಲಿತು ಅಲ್ಲೇ ಮೇಷ್ಟರಾದ. 1936ರಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ತೊಡಗಿದರು. ಸುಮಾರು ಒಂಬತ್ತು ವರ್ಷದ ತಪಸ್ಸು. 1949ರಲ್ಲಿ ಪ್ರಕಟವಾಯಿತು. ನಾಲ್ಕು ಸಂಪುಟ, 22 ಸಾವಿರಕ್ಕೂ ಮಿಕ್ಕ ಸಾಲು. ಅರ್ಪಣೆ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ, 1967ರ ಜ್ಞಾನಪೀಠ, ಕನ್ನಡಕ್ಕೆ ಮೊದಲನೆಯದು. ಕಾವ್ಯವನ್ನು ಮುಟ್ಟದೆ ಈ ಪ್ರಶಸ್ತಿಗಳ ಹೆಸರು ಹೇಳಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದು ದುಃಖದ ಸಂಗತಿ.

ಕುವೆಂಪು ಏನು ಮಾಡಿದರು? ಮಂಥರೆಯನ್ನು ಮಮತೆಯ ಸುಳಿ ಎಂದು ಕರೆದು, ಗೂನುಬೆನ್ನಿನ ಆ ಮುದುಕಿಯ ಎದೆಯಲ್ಲಿ ಭರತನ ಮೇಲಿದ್ದ ಪ್ರೀತಿಯನ್ನು ಕಂಡರು. ಊರ್ಮಿಳೆಗೆ ಅವಳದೇ ತಪಸ್ಸು ಕೊಟ್ಟರು. ರಾವಣನಿಗೆ ಒಂದು ಕನಸು ಕೊಟ್ಟರು. ಆ ಕನಸಿನಲ್ಲಿ ಅವನು ಸೀತೆಯ ಮಡಿಲಿನ ಮಗುವಾಗುತ್ತಾನೆ. ಇಷ್ಟೆಲ್ಲರ ಒಳಗನ್ನು ತೆರೆದ ಕವಿ ರಾಮನನ್ನು ಮಾತ್ರ ಪೀಠದ ಮೇಲೆ ಬಿಡುತ್ತಾರೆಯೇ?

ವಾಲಿಯ ಪ್ರಸಂಗ ನೋಡಿ. ಮರದ ಮರೆಯಿಂದ ಬಾಣ ಬಂದಿದೆ, ಬಿದ್ದ ವಾಲಿ ಏಕೆ ಹೀಗೆ ಮಾಡಿದೆ ಎಂದು ಕೇಳುತ್ತಾನೆ. ಮೂಲದಲ್ಲಿ ರಾಮ ವಾದ ಮಾಡುತ್ತಾನೆ: ಈ ಭೂಮಿ ಇಕ್ಷ್ವಾಕುಗಳದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ನೀನು ಮೃಗ, ಬೇಟೆಗೆ ನಿಯಮವಿಲ್ಲ. ಒಂದು ಕಾರಣ ಸಾಲದೆ ನಾಲ್ಕು ಕಾರಣ ಕೊಡುವವನ ಮನಸ್ಸು ಒಳಗೇ ಅಳುಕಿರುತ್ತದೆ. ಕುವೆಂಪು ಅವರ ರಾಮ ಆ ಸಮರ್ಥನೆಗೆ ಆತುಕೊಳ್ಳುವುದಿಲ್ಲ. ತಪ್ಪಾಯಿತೆಂದು ಒಪ್ಪಿಕೊಳ್ಳುತ್ತಾನೆ. ಸಾಯುತ್ತಿರುವ ಶತ್ರುವಿನ ಮುಂದೆ ದೇವಾಂಶದ ದೊರೆ ತಲೆ ತಗ್ಗಿಸುತ್ತಾನೆ.

ಲಂಕೆಯ ಬಯಲಿನಲ್ಲಿ ಚಿತೆ ಉರಿಯುತ್ತಿದೆ. ಸೀತೆ ಬೆಂಕಿಗೆ ಇಳಿಯುತ್ತಾಳೆ. ಇಲ್ಲಿಯವರೆಗೆ ವಾಲ್ಮೀಕಿಯಲ್ಲೂ ಹೀಗೆಯೇ. ಕುವೆಂಪು ಕಾವ್ಯದಲ್ಲಿ ರಾಮನೂ ಹಿಂದೆಯೇ ಬೆಂಕಿಗೆ ಇಳಿಯುತ್ತಾನೆ. ನೆರೆದ ಕಪಿಗಳು, ರಾಕ್ಷಸರು, ತಮ್ಮ ಲಕ್ಷ್ಮಣ ಎಲ್ಲರೂ ದಿಗಿಲುಗೊಳ್ಳುತ್ತಾರೆ. ಒಬ್ಬಳಿಗೆಂದು ಹಚ್ಚಿದ ಉರಿಯಿಂದ ಇಬ್ಬರೂ ಒಟ್ಟಿಗೆ ಹೊರಬರುತ್ತಾರೆ. ಪರೀಕ್ಷೆ ಹೆಂಡತಿಗೆ ಇದ್ದದ್ದು ದೊರೆಗೂ ಇದೆ, ಗಂಡನಿಗೂ ಇದೆ. ಸಾವಿರಾರು ವರ್ಷ ಈ ನಾಡಿನ ಹೆಂಗಸರು ನುಂಗಿಕೊಂಡು ಕೂತಿದ್ದ ಪ್ರಶ್ನೆಗೆ ಒಂಟಿಕೊಪ್ಪಲಿನ ಕವಿ ಕುವೆಂಪು ರಾಮನ ಕಾಲಿನಿಂದಲೇ ಉತ್ತರ ಕೊಡಿಸಿದರು. ಅಷ್ಟಾದ ಮೇಲೆ ಕಾವ್ಯ ಪಟ್ಟಾಭಿಷೇಕಕ್ಕೆ ಮುಗಿಯುತ್ತದೆ. ನಮ್ಮ ದೊಡ್ಡಮ್ಮ ನಿಲ್ಲಿಸುತ್ತಿದ್ದ ಜಾಗದಲ್ಲೇ ಕುವೆಂಪು ಕೂಡ ನಿಲ್ಲಿಸಿದರು. ಬೆಂಕಿಗೆ ತಾನೂ ಇಳಿದ ಗಂಡ ಊರಿನ ಮಾತಿಗೆ ಹೆಂಡತಿಯನ್ನು ಕಾಡಿಗೆ ಕಳಿಸಲಾರ. ಉತ್ತರಕಾಂಡಕ್ಕೆ ಅಲ್ಲಿ ಎಡೆಯೇ ಇಲ್ಲ.

ಶಂಬೂಕನ ಮಾತು ಬಿಡುವ ಹಾಗಿಲ್ಲ. ಶೂದ್ರ ತಪಸ್ಸು ಮಾಡಿದ್ದಕ್ಕೆ ಬ್ರಾಹ್ಮಣನ ಮಗು ಸತ್ತಿತೆಂದು ದೂರು ಬಂದಾಗ, ಉತ್ತರಕಾಂಡದ ರಾಮ ಕತ್ತಿಯಿಂದ ಶಂಬೂಕನ ತಲೆ ಕಡಿಯುತ್ತಾನೆ. 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಕುವೆಂಪು ಅವರ ರಾಮ ಬ್ರಹ್ಮಾಸ್ತ್ರ ಬಿಡುತ್ತಾನೆ, ತಪ್ಪಿತಸ್ಥ ಯಾರೋ ಅವನನ್ನು ಹುಡುಕು ಎಂದು. ಅಸ್ತ್ರ ತಪಸ್ವಿಯನ್ನು ಬಿಟ್ಟು ದೂರು ತಂದವನ ಬೆನ್ನು ಹತ್ತುತ್ತದೆ. ಅವನು ತಪಸ್ವಿಗೆ ತಲೆಬಾಗಿದ ಮೇಲೆ ಮಗು ಏಳುತ್ತದೆ. ಮಾಸ್ತಿಯವರಂಥ ಹಿರಿಯರು ಈ ಬದಲಾವಣೆಯನ್ನು ಒಪ್ಪಲಿಲ್ಲ. ಪುರಾಣದ ಪಾತ್ರವನ್ನು ಹೀಗೆ ತಿದ್ದಬಹುದೇ ಎಂಬ ಚರ್ಚೆ ದೊಡ್ಡದಾಗಿ ನಡೆಯಿತು. ಮಾಸ್ತಿಯವರ ಕಳವಳ ನನಗೆ ಅರ್ಥವಾಗುತ್ತದೆ, ಅವರೂ ರಾಮನನ್ನು ಪ್ರೀತಿಸಿದವರು. ಆದರೆ ನಾನು ಕುವೆಂಪು ಅವರ ಕಡೆಗೆ ನಿಲ್ಲುತ್ತೇನೆ. ಶಂಬೂಕನ ರಕ್ತ ಅಂಟಿದ ಕೈಯನ್ನು ರಾಮನದೆಂದು ಒಪ್ಪಲಾರದ ಭಕ್ತಿ ಆ ನಾಟಕವನ್ನು ಬರೆಸಿತು. ರಾಮನನ್ನು ಹೀನಾಯ ಮಾಡುವ ಇಚ್ಛೆ ಅದರಲ್ಲಿ ಎಳ್ಳಷ್ಟೂ ಇಲ್ಲ.

ದೇವರಾದ ದೊರೆಯನ್ನು ಪ್ರಶ್ನೆ ಕೇಳುವುದು ಅಪಚಾರವಲ್ಲವೇ ಎಂದು ಈ ಸಭೆಯಲ್ಲಿ ಯಾರಿಗಾದರೂ ಅನ್ನಿಸಿದ್ದರೆ, ಅವರನ್ನು ಚುಂಚನಕಟ್ಟೆಗೆ ಕರೆಯುತ್ತೇನೆ. ಕೃಷ್ಣರಾಜನಗರದ ಆಚೆ, ಕಾವೇರಿ ಧುಮುಕುವ ಜಾಗದಲ್ಲಿ, ಕೋದಂಡರಾಮನ ಗುಡಿ ಇದೆ. ವನವಾಸದಲ್ಲಿ ಬಂದ ರಾಮ ಸೀತೆ ಲಕ್ಷ್ಮಣರನ್ನು ಚುಂಚ, ಚುಂಚಿ ಎಂಬ ಕಾಡಿನ ಗಂಡಹೆಂಡಿರು ಉಪಚರಿಸಿದರೆಂದು ಸ್ಥಳಪುರಾಣ. ಊರಿಗೆ ಹೆಸರು ಬಂದದ್ದು ಆ ಬೇಡರಿಂದ. ಎಷ್ಟೋ ಗುಡಿಗಳಲ್ಲಿ ಸೀತೆ ರಾಮನ ಎಡಕ್ಕೆ ಇರುತ್ತಾಳೆ. ಇಲ್ಲಿ ಬಲಕ್ಕೆ ಇದ್ದಾಳೆ. ಅರ್ಚಕರನ್ನು ಕೇಳಿದರೆ ಕತೆ ಹೇಳುತ್ತಾರೆ, ಕೇಳಿಸಿಕೊಳ್ಳಿ. ನಾನು ಹೋದಾಗಲೆಲ್ಲ ಆ ಬಲಗಡೆಯ ಜಾಗವನ್ನೇ ನೋಡುತ್ತಾ ನಿಲ್ಲುತ್ತೇನೆ; ನನ್ನ ಉತ್ತರ ಅಲ್ಲಿದೆ. ಹೊರಗೆ ನದಿಯ ಭೋರ್ಗರೆತ. ಗರ್ಭಗುಡಿಯ ಹತ್ತಿರ ಬಂದರೆ ಅದು ಕೇಳಿಸುವುದಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮುಂದಿನ ರಾಮನವಮಿಗೆ ನಿಮ್ಮ ಬೀದಿಯ ರಾಮಮಂದಿರದಲ್ಲಿ ಪಾನಕ ಕುಡಿದ ಮೇಲೆ, ಶ್ರೀ ರಾಮಾಯಣ ದರ್ಶನದ ಅಗ್ನಿಪ್ರವೇಶದ ಭಾಗವನ್ನು ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿ. ಅದರ ಮಹಾಛಂದಸ್ಸು ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಒಂದು ಗಂಟೆಯೂ ಹಿಡಿಯುವುದಿಲ್ಲ. ಓದುವಾಗ ಮನೆಯ ಹೆಂಗಸರನ್ನು ಅಡುಗೆಮನೆಯಿಂದ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.